ಕಾಡು ಗಿಡ ಕೀಳದೆ ತೋಟಕ್ಕೆ ತರುವುದು ಹೇಗೆ: ಬೀಜ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಗುದ್ದಲಿಯನ್ನು ಮೊದಲು ಮನೆಯಲ್ಲಿ ಬಿಡಿ. ಕಾಡು ಗಿಡ ಹುಡುಕಿಕೊಂಡು ಹೋಗುವವರ ಚೀಲದಲ್ಲಿ ಈಗ ಇರಬೇಕಾದ್ದು ಕಾಗದದ ಲಕೋಟೆ, ಪೆನ್ಸಿಲ್, ಭೂತಗನ್ನಡಿ, ನೋಟ್‌ಬುಕ್, ಅಷ್ಟೇ. ನೂರು ವರ್ಷದ ಹಿಂದೆ ಹೀಗಿರಲಿಲ್ಲ. ಬ್ರಿಟನ್‌ನ ಗಿಡ ಹುಡುಕಾಟಗಾರ ಅರ್ನೆಸ್ಟ್ ವಿಲ್ಸನ್ 1910ರಲ್ಲಿ ಚೀನಾದ ಮಿನ್ ಕಣಿವೆಯಲ್ಲಿ ರೀಗಲ್ ಲಿಲ್ಲಿಯ ಸಾವಿರಾರು ಗೆಡ್ಡೆಗಳನ್ನು ಅಗೆಸಿದರು. ಅದೇ ಪ್ರವಾಸದಲ್ಲಿ ಗುಡ್ಡ ಕುಸಿದು ಅವರ ಕಾಲು ಮುರಿಯಿತು, ಆಮೇಲೆ ಜೀವನಪೂರ್ತಿ ಕುಂಟುತ್ತಲೇ ನಡೆದರು. ವಿಚಿತ್ರ ಅಂದ್ರೆ ಈ ಲಿಲ್ಲಿ ಬೀಜದಿಂದ ಸಲೀಸಾಗಿ ಬರುತ್ತದೆ, ಎರಡು ಮೂರು ವರ್ಷಕ್ಕೆಲ್ಲ ಹೂ ಬಿಡುತ್ತದೆ. ಒಂದಿಷ್ಟು ಒಣ ಕಾಯಿ ತಂದಿದ್ದರೂ ಸಾಕಿತ್ತು.

ಗಿಡ ಹುಡುಕಾಟ ಮುಗಿದುಹೋದ ಕಥೆಯೇನಲ್ಲ. ವೇಲ್ಸ್‌ನ ಕ್ರೀಗ್ ಫಾರ್ಮ್‌ನಲ್ಲಿ ದನ ಸಾಕಿಕೊಂಡಿದ್ದ ಬ್ಲೆಡಿನ್ ಮತ್ತು ಸೂ ವಿನ್-ಜೋನ್ಸ್ ದಂಪತಿ 1991ರಿಂದ ಏಷ್ಯಾ ಮತ್ತು ಅಮೆರಿಕದ ಬೆಟ್ಟಗಳಲ್ಲಿ ಬೀಜ ಸಂಗ್ರಹಿಸಿ ನೂರಾರು ಹೊಸ ಗಿಡಗಳನ್ನು ಮನೆ ತೋಟಗಳಿಗೆ ತಲುಪಿಸಿದ್ದಾರೆ. ಅಮೆರಿಕದ ಡ್ಯಾನ್ ಹಿಂಕ್ಲಿ 1987ರಲ್ಲಿ ಶುರು ಮಾಡಿದ ಹೆರಾನ್ಸ್‌ವುಡ್ ನರ್ಸರಿ ಕೂಡ ಇಂಥ ಗಿಡಗಳಿಂದಲೇ ಹೆಸರಾಯಿತು. ನಾವು ನೀವು ಅಷ್ಟು ದೂರ ಹೋಗಬೇಕಿಲ್ಲ. ಹತ್ತಿರದ ಗುಡ್ಡದಲ್ಲಿ ಕಂಡ ಒಂದು ಹೂವನ್ನು ತೋಟದಲ್ಲಿ ಬೆಳೆಸಬೇಕು ಅನ್ನಿಸಿದರೂ ಮಾಡುವ ಕೆಲಸ ಇದೇ.

ಕಿತ್ತು ತಂದರೆ ಏನಾಗುತ್ತದೆ ಅಂತ ಕೇಳಬಹುದು. ಬಲಿತ ಗಿಡವನ್ನು ಅಗೆದಾಗ ನೀರು ಹೀರುವ ಸಣ್ಣ ಬೇರುಗಳು ಮಣ್ಣಿನಲ್ಲೇ ಉಳಿದುಹೋಗುತ್ತವೆ. ಬೇರಿನ ಜೊತೆ ಬಾಳುವ ಶಿಲೀಂಧ್ರವೂ ಅಲ್ಲೇ ಉಳಿಯುತ್ತದೆ. ಗಿಡ ಒಂದೆರಡು ತಿಂಗಳು ಹಸಿರಾಗಿ ಕಂಡು ಆಮೇಲೆ ಸೊರಗುತ್ತದೆ. ಅತ್ತ ಕಾಡಿನಲ್ಲಿ ಪ್ರತಿ ವರ್ಷ ಬೀಜ ಉದುರಿಸುತ್ತಿದ್ದ ತಾಯಿ ಗಿಡ ಹೋಯಿತು, ಇತ್ತ ನಿಮ್ಮ ಕುಂಡದಲ್ಲೂ ಏನೂ ಉಳಿಯಲಿಲ್ಲ. ಬೀಜದ ಸಸಿ ಹಾಗಲ್ಲ. ಮೊದಲ ಬೇರಿನಿಂದಲೇ ನಿಮ್ಮ ಮಣ್ಣು, ನಿಮ್ಮ ನೀರು, ನಿಮ್ಮ ಬಿಸಿಲಿಗೆ ಒಗ್ಗಿಕೊಂಡು ಬೆಳೆಯುತ್ತದೆ.

ಹಂತ 1: ನಿಮ್ಮ ತೋಟಕ್ಕೆ ಒಗ್ಗುವ ಗಿಡವನ್ನೇ ಆರಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಚಂದ ಕಂಡಿತು, ತಂದರು, ಸತ್ತಿತು. ಹೂವಿನ ಚಂದಕ್ಕಿಂತ ಮೊದಲು ಅದು ಬೆಳೆದ ಜಾಗದ ಎತ್ತರ ನೋಡಿ. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಮೂರು ಸಾವಿರ ಮೀಟರ್ ಎತ್ತರದ ಗಿಡ, ಅದೇ ಅಕ್ಷಾಂಶದ ಸಮುದ್ರ ಮಟ್ಟಕ್ಕಿಂತ ಇಪ್ಪತ್ತು ಡಿಗ್ರಿಯಷ್ಟು ತಣ್ಣಗಿನ ಜಗತ್ತಿನಲ್ಲಿ ಬದುಕುತ್ತಿರುತ್ತದೆ. ಹಿಮಾಲಯದ ನೀಲಿ ಗಸಗಸೆ ಮೆಕೊನಾಪ್ಸಿಸ್ ಅನ್ನು ಬಿಸಿ ಬಯಲಿನಲ್ಲಿ ಬೆಳೆಸಲು ಹೋಗಿ ಸೋತವರಿಗೆ ಲೆಕ್ಕವಿಲ್ಲ. ಹಗಲಿನ ಬಿಸಿಗೆ ನೆರಳು ಕೊಡಬಹುದು, ಆದರೆ ತಂಪು ರಾತ್ರಿಯನ್ನು ಎಲ್ಲಿಂದ ತರುತ್ತೀರಿ?

ಇದೇ ಲೆಕ್ಕ ನಿಮಗೆ ಅನುಕೂಲವಾಗಿಯೂ ಕೆಲಸ ಮಾಡುತ್ತದೆ. ಶೆಫ್ಲೆರಾ ಅಂದರೆ ಮನೆಯೊಳಗೆ ಇಡುವ ಉಷ್ಣವಲಯದ ಗಿಡ ಅಂತ ಎಲ್ಲರೂ ಅಂದುಕೊಂಡಿದ್ದರು. ತೈವಾನ್ ಮತ್ತು ವಿಯೆಟ್ನಾಂನ ಎತ್ತರದ ಬೆಟ್ಟಗಳಿಂದ ತಂದ ಶೆಫ್ಲೆರಾ ಜಾತಿಗಳು ಈಗ ಬ್ರಿಟನ್‌ನ ತೋಟಗಳಲ್ಲಿ ಹೊರಗಡೆಯೇ ಚಳಿಗಾಲ ಕಳೆಯುತ್ತಿವೆ. ಜಾತಿ ಒಂದೇ ಆದರೂ ಬೆಟ್ಟದ ತುದಿಯ ಬೀಜದಿಂದ ಬಂದ ಸಸಿ ಚಳಿ ತಡೆಯುತ್ತದೆ, ತಪ್ಪಲಿನ ಬೀಜದ ಸಸಿ ತಡೆಯದೇ ಇರಬಹುದು. ಹಾಗಾಗಿ ಗಿಡದ ಹೆಸರೊಂದನ್ನೇ ನೋಡಬೇಡಿ, ಅದು ಎಲ್ಲಿಂದ ಬಂತು ಅಂತಲೂ ಕೇಳಿ.

ಎತ್ತರ ಆದ ಮೇಲೆ ಮಳೆ ಯಾವಾಗ ಬರುತ್ತದೆ ನೋಡಿ. ಬೇಸಿಗೆಯಲ್ಲಿ ಮಳೆ ಬಂದು ಚಳಿಗಾಲ ಒಣಗಿರುವ ಜಾಗವೇ, ಅಥವಾ ಮೆಡಿಟರೇನಿಯನ್ ಸೀಮೆಯಂತೆ ಚಳಿಗಾಲದಲ್ಲಿ ಮಳೆ ಬಂದು ಬೇಸಿಗೆ ಒಣಗಿರುವ ಜಾಗವೇ? ಗೆಡ್ಡೆ ಗಿಡಗಳಿಗೆ ಇದು ಜೀವ ಸಾವಿನ ಪ್ರಶ್ನೆ. ಮಲಗಿದ ಗೆಡ್ಡೆಗೆ ನೀರು ಬಿದ್ದರೆ ಕೊಳೆಯುತ್ತದೆ. ಆಮೇಲೆ ಮಣ್ಣು. ಸುಣ್ಣಕಲ್ಲಿನ ಮೇಲೆ ಬೆಳೆಯುವುದೋ, ಹುಳಿ ಮಣ್ಣಿನದ್ದೋ ತಿಳಿದುಕೊಳ್ಳಿ. ರೋಡೊಡೆಂಡ್ರಾನ್‌ನಂಥ ಹುಳಿ ಮಣ್ಣಿನ ಗಿಡವನ್ನು ಸುಣ್ಣದ ಮಣ್ಣಿನಲ್ಲಿ ನೆಟ್ಟರೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ, ಏಕೆಂದರೆ ಅದಕ್ಕೆ ಕಬ್ಬಿಣ ಸಿಗುತ್ತಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಈಗಲೇ ಕೇಳಿಕೊಳ್ಳಿ: ಇದು ಕಳೆಯಾಗಿ ಹಬ್ಬಬಹುದಾ? ಲಂಟಾನ ಅಮೆರಿಕ ಖಂಡದ ಗಿಡ, ಅಲಂಕಾರಕ್ಕೆ ಅಂತಲೇ ಹಡಗು ಹತ್ತಿ ಬಂದು ಇವತ್ತು ಎಷ್ಟೊಂದು ಕಾಡುಗಳನ್ನು ಮುಚ್ಚಿಹಾಕಿದೆ. ಹಿಮಾಲಯದ ಬಾಲ್ಸಮ್ 1839ರಲ್ಲಿ ಬ್ರಿಟನ್‌ಗೆ ಹೂವಿನ ಗಿಡವಾಗಿಯೇ ಹೋಯಿತು. ಒಂದು ಗಿಡದಿಂದ ಸುಮಾರು 800 ಬೀಜ, ಕಾಯಿ ಸಿಡಿದರೆ 7 ಮೀಟರ್ ದೂರ ಹಾರುತ್ತವೆ. ಈಗ ಅಲ್ಲಿನ ನದಿ ದಂಡೆಗಳಲ್ಲಿ ಅದನ್ನು ಕೀಳುವುದೇ ಒಂದು ಕೆಲಸವಾಗಿದೆ. ಹಣ್ಣನ್ನು ಹಕ್ಕಿ ತಿಂದು ಹರಡುವ ಗಿಡ, ಬೇರಿನ ತುಂಡಿನಿಂದಲೂ ಚಿಗುರುವ ಗಿಡ, ಮೊದಲ ವರ್ಷವೇ ರಾಶಿ ಬೀಜ ಬಿಡುವ ಗಿಡ, ಬೇರೆ ದೇಶದಲ್ಲಿ ಆಗಲೇ ಕಳೆ ಅಂತ ಹೆಸರು ಕೆಡಿಸಿಕೊಂಡ ಗಿಡ, ಇವುಗಳಲ್ಲಿ ಎರಡು ಲಕ್ಷಣ ಸೇರಿದರೂ ನಾನಂತೂ ಆ ಗಿಡವನ್ನು ಕೈಬಿಡುತ್ತೇನೆ. ಪ್ರಪಂಚದಲ್ಲಿ ಗಿಡಗಳಿಗೇನು ಬರವೇ?

ಹತ್ತಿರದ್ದೇ ಗಿಡವಾದರೆ ಈ ತಲೆನೋವು ತುಂಬಾ ಕಡಿಮೆ. ಹೊಸಬರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಹಂತ 2: ಅನುಮತಿ

ಬೇಸರದ ಹಂತ, ಆದರೆ ಬಿಡುವಂತಿಲ್ಲ. 1992ರ ಜೀವವೈವಿಧ್ಯ ಒಪ್ಪಂದದ ನಂತರ ಒಂದು ದೇಶದ ಕಾಡು ಗಿಡದ ಮೇಲೆ ಆ ದೇಶಕ್ಕೆ ಹಕ್ಕಿದೆ. 2010ರಲ್ಲಿ ಒಪ್ಪಿ 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದ ಇನ್ನೂ ಮುಂದೆ ಹೋಗಿ, ಆ ಗಿಡದಿಂದ ಬರುವ ಲಾಭದಲ್ಲಿ ಮೂಲ ದೇಶಕ್ಕೂ ಅಲ್ಲಿನ ಜನರಿಗೂ ಪಾಲು ಸಿಗಬೇಕು ಅನ್ನುತ್ತದೆ. ಇದರ ಮೇಲೆ 1975ರಿಂದ ಜಾರಿಯಲ್ಲಿರುವ ಸೈಟಿಸ್ ಇದೆ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಮೂಗುದಾರ ಹಾಕುವ ಒಪ್ಪಂದ ಅದು. ಆರ್ಕಿಡ್ ಕುಟುಂಬ ಪೂರ್ತಿ, ತಾಳೆಯಂತೆ ಕಾಣುವ ಸೈಕಾಡ್‌ಗಳು, ಕೀಟ ತಿನ್ನುವ ಹೂಜಿ ಗಿಡಗಳು, ಹೆಚ್ಚುಕಡಿಮೆ ಎಲ್ಲ ಕಳ್ಳಿಗಳು ಅದರ ಪಟ್ಟಿಯಲ್ಲಿವೆ.

ಗೊತ್ತಿಲ್ಲದೆ ತಂದೆ ಅಂದರೆ ಯಾರೂ ಕೇಳುವುದಿಲ್ಲ. 2002ರಲ್ಲಿ ಪೆರುವಿನಲ್ಲಿ ಕಂಡ ಫ್ರಾಗ್ಮಿಪೀಡಿಯಂ ಕೊವಾಚಿ ಎಂಬ ಅದ್ಭುತ ಆರ್ಕಿಡ್ ಸರಿಯಾದ ಕಾಗದಪತ್ರ ಇಲ್ಲದೆ ಅಮೆರಿಕಕ್ಕೆ ಬಂದು, ವಿಷಯ ಕೋರ್ಟ್ ತನಕ ಹೋಯಿತು. ತಂದವರಿಗೆ ಶಿಕ್ಷೆಯಾಯಿತು.

ನೀವು ಮಾಡಬೇಕಾದ್ದು ಇಷ್ಟು. ಆ ಜಮೀನು ಯಾರದ್ದು ಅಂತ ತಿಳಿದುಕೊಳ್ಳಿ, ಖಾಸಗಿಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅರಣ್ಯ ಅಥವಾ ರಕ್ಷಿತ ಪ್ರದೇಶವಾದರೆ ಇಲಾಖೆಯ ಅನುಮತಿ ಇಲ್ಲದೆ ಒಂದು ಕಾಯಿಯನ್ನೂ ಮುಟ್ಟಬೇಡಿ. ಗಿಡ ರಕ್ಷಿತ ಪಟ್ಟಿಯಲ್ಲಿದೆಯಾ ಅಂತ ನೋಡಿ. ಗಡಿ ದಾಟಿಸುವುದಾದರೆ ರೋಗ ಕೀಟ ಇಲ್ಲ ಅನ್ನುವ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು, ಆಮದು ಪರವಾನಗಿ ಬೇಕಾಗುವ ದೇಶಗಳೂ ಇವೆ. ನಾಲ್ಕು ಬೀಜ ತಾನೇ ಅಂತ ಸುಮ್ನೆ ಜೇಬಿಗೆ ಹಾಕಿಕೊಂಡು ವಿಮಾನ ಹತ್ತಬೇಡಿ.

ಇಷ್ಟೆಲ್ಲ ಯಾರು ಮಾಡುತ್ತಾರೆ ಅನ್ನುವವರಿಗೆ ಸಲೀಸಾದ ದಾರಿ ಒಂದಿದೆ. ಬೀಜ ವಿನಿಮಯ. ಬ್ರಿಟನ್‌ನ ಆಲ್ಪೈನ್ ಗಾರ್ಡನ್ ಸೊಸೈಟಿ, ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್‌ನಂಥ ಸಂಘಗಳು ಪ್ರತಿ ವರ್ಷ ಸದಸ್ಯರಿಗೆ ಬೀಜ ಪಟ್ಟಿ ಹೊರಡಿಸುತ್ತವೆ. ತೋಟದಲ್ಲಿ ಬೆಳೆದ ಬೀಜ, ಕಾಡಿನಿಂದ ತಂದ ಬೀಜ ಎಂದು ಅದರಲ್ಲಿ ಗುರುತು ಹಾಕಿರುತ್ತಾರೆ. ಅಂಚೆಯಲ್ಲಿ ಬರುವ ಬೀಜಕ್ಕೂ ಆಮದು ನಿಯಮ ಇದ್ದೇ ಇದೆ, ಅದನ್ನು ಮಾತ್ರ ಮರೆಯಬೇಡಿ.

ಹಂತ 3: ಎರಡು ಸಲ ಹೋಗಿ

ಹೂ ಬಿಟ್ಟಾಗ ಒಮ್ಮೆ, ಕಾಯಿ ಬಲಿತಾಗ ಇನ್ನೊಮ್ಮೆ. ಮೊದಲ ಸಲ ಗಿಡವನ್ನು ಗುರುತಿಸುವುದಕ್ಕೆ. ಇಡೀ ಗಿಡ, ಎಲೆಯ ಮೇಲ್ಭಾಗ, ಎಲೆಯ ಅಡಿ, ಹೂವನ್ನು ಎದುರಿನಿಂದ ಮತ್ತು ಪಕ್ಕದಿಂದ, ಸುತ್ತಲಿನ ಜಾಗ, ಎಲ್ಲದರ ಫೋಟೋ ತೆಗೆಯಿರಿ. ಕಾಯಿಯಾದಾಗ ಬಹಳಷ್ಟು ಗಿಡಗಳು ಗುರುತೇ ಸಿಗದಷ್ಟು ಒಣಗಿರುತ್ತವೆ, ಗೆಡ್ಡೆ ಗಿಡಗಳಂತೂ ನೆಲದೊಳಗೆ ಮಾಯ. ಮೊದಲ ಸಲವೇ ಜಿಪಿಎಸ್‌ನಲ್ಲಿ ಜಾಗ ಉಳಿಸಿಕೊಂಡಿದ್ದರೆ ಬಚಾವ್.

ಕಾಯಿ ಬಲಿತಿದೆಯಾ ಅಂತ ತಿಳಿಯುವುದಕ್ಕೆ ಕಾಯಿಯ ಬಣ್ಣ ನಂಬಬೇಡಿ, ಬೀಜದ ಬಣ್ಣ ನಂಬಿ. ಒಂದು ಕಾಯಿ ಬಿಡಿಸಿ ನೋಡಿ. ಬೀಜ ಬೆಳ್ಳಗೆ, ಹಸಿರಾಗಿ, ಮೆತ್ತಗೆ ಇದ್ದರೆ ಇನ್ನೂ ಎಳೆಯದು. ಕಂದು ಅಥವಾ ಕಪ್ಪಾಗಿ ಗಟ್ಟಿಯಾಗಿ ತೊಟ್ಟಿನಿಂದ ಸುಲಭವಾಗಿ ಬಿಟ್ಟುಬಂದರೆ ಬಲಿತಿದೆ. ಬಲಿತ ಬೀಜವನ್ನೂ ಬ್ಲೇಡಿನಿಂದ ಸೀಳಿ ನೋಡುವುದು ಒಳ್ಳೆಯ ಅಭ್ಯಾಸ. ಒಳಗೆ ಗಟ್ಟಿ ತಿರುಳು ತುಂಬಿರಬೇಕು. ಪೊಳ್ಳಾಗಿದ್ದರೆ, ಹುಳ ತಿಂದಿದ್ದರೆ ಆ ಗಿಡ ಬಿಟ್ಟು ಮುಂದೆ ಹೋಗಿ. ಕಾಡಿನಲ್ಲಿ ಪೊಳ್ಳು ಬೀಜ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ.

ಸಿಡಿಯುವ ಕಾಯಿಗಳದ್ದು ಬೇರೆಯೇ ಕಥೆ. ಕರ್ಣಕುಂಡಲದ (ಬಾಲ್ಸಮ್) ಬಳಗದ ಗಿಡಗಳಲ್ಲಿ ಕಾಯಿ ಬಲಿತ ಗಳಿಗೆಯಲ್ಲಿ ಬೆರಳು ತಾಗಿದರೆ ಬೀಜ ಎಲ್ಲೋ ಹಾರಿಹೋಗುತ್ತದೆ. ಕಾಯಿ ಉಬ್ಬಿದಾಗಲೇ ತೆಳು ಬಟ್ಟೆಯ ಸಣ್ಣ ಚೀಲವೊಂದನ್ನು ಅದಕ್ಕೆ ಸಡಿಲವಾಗಿ ಕಟ್ಟಿ ಬನ್ನಿ, ಕೆಲವು ದಿನ ಬಿಟ್ಟು ಹೋದರೆ ಬೀಜ ಅದರೊಳಗೇ ಬಿದ್ದಿರುತ್ತದೆ. ಪ್ಲಾಸ್ಟಿಕ್ ಕಟ್ಟಿದರೆ ಒಳಗೆ ನೀರು ಕೂತು ಬೂಸ್ಟು ಬರುತ್ತದೆ.

ಚಪ್ಪಲಿ ಶೂ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1994ರಲ್ಲಿ ಸಿಡ್ನಿಯ ಹತ್ತಿರದ ಕಣಿವೆಯಲ್ಲಿ ಡೇವಿಡ್ ನೋಬಲ್ ಎಂಬವರ ಕಣ್ಣಿಗೆ ಬಿದ್ದ, ಅತಿ ಅಪರೂಪದ ವೊಲೆಮಿ ಪೈನ್ ಮರಗಳು ನೂರಕ್ಕಿಂತ ಕಡಿಮೆ. ಜಾಗವನ್ನು ಗುಟ್ಟಾಗಿ ಇಟ್ಟಿದ್ದರೂ 2005ರಲ್ಲಿ ಬೇರು ಕೊಳೆಸುವ ಫೈಟಾಫ್ತೊರಾ ಎಂಬ ರೋಗಾಣು ಅಲ್ಲಿಗೆ ತಲುಪಿದ್ದು ಗೊತ್ತಾಯಿತು. ಕದ್ದುಮುಚ್ಚಿ ಅಲ್ಲಿಗೆ ಹೋದವರ ಶೂ ಮಣ್ಣಿನಿಂದಲೇ ಬಂದಿರಬೇಕು ಅಂತ ಅಂದಾಜು. ಹಾಗಾಗಿ ಹೋಗುವ ಮೊದಲೂ ಬಂದ ಮೇಲೂ ಅಟ್ಟೆಯ ಮಣ್ಣು ಪೂರ್ತಿ ಉಜ್ಜಿ ತೆಗೆದು ಸ್ಪಿರಿಟ್ ಸಿಂಪಡಿಸಿ ಒಣಗಿಸಿ. ಆ ಮರವನ್ನು ಉಳಿಸಿದ ರೀತಿಯೂ ನೋಡುವಂಥದ್ದು. ನರ್ಸರಿಯಲ್ಲಿ ಸಸಿ ಮಾಡಿ ಮಾರುಕಟ್ಟೆಗೆ ಬಿಟ್ಟರು. ಬೇಕಾದವರಿಗೆ ಅಂಗಡಿಯಲ್ಲೇ ಸಿಗುವಾಗ ಕಣಿವೆಗೆ ಇಳಿದು ಯಾರು ಕದಿಯುತ್ತಾರೆ?

ಹಂತ 4: ಎಷ್ಟು ತೆಗೆಯಬಹುದು

ಬೀಜ ಬ್ಯಾಂಕುಗಳಲ್ಲಿ ಕೆಲಸ ಮಾಡುವವರ ಲೆಕ್ಕ ಹೀಗಿದೆ: ಆ ದಿನ ಅಲ್ಲಿ ಬಲಿತಿರುವ ಬೀಜದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಅದು ಸಂರಕ್ಷಣೆಗೆ ಬೀಜ ಕೂಡಿಡುವವರ ಮಿತಿ. ಮನೆ ತೋಟದವರಿಗೆ ಅಷ್ಟು ಏಕೆ? ಹತ್ತು ಸಸಿ ಬೇಕಿದ್ದರೆ ಐವತ್ತು ಬೀಜ ಧಾರಾಳ. ಅದನ್ನೂ ಒಂದೇ ಗಿಡದಿಂದ ತೆಗೆಯದೆ ಹಲವು ಗಿಡಗಳಿಂದ ಒಂದೊಂದು ಕಾಯಿಯಂತೆ ತೆಗೆಯಿರಿ. ಒಂದೇ ತಾಯಿಯ ಮಕ್ಕಳಾದರೆ ಮುಂದೆ ನಿಮ್ಮ ತೋಟದಲ್ಲಿ ಅವು ಬೀಜ ಕಟ್ಟದೇ ಇರಬಹುದು, ಎಷ್ಟೋ ಜಾತಿಗಳಲ್ಲಿ ಹತ್ತಿರದ ಸಂಬಂಧದ ಪರಾಗ ಕೆಲಸ ಮಾಡುವುದಿಲ್ಲ.

ಬೆರಳೆಣಿಕೆಯ ಗಿಡಗಳಷ್ಟೇ ಇರುವ ಜಾಗದಲ್ಲಿ ಏನನ್ನೂ ತೆಗೆಯಬೇಡಿ, ಫೋಟೋ ಸಾಕು. ಆ ಫೋಟೋವನ್ನು ಆನ್‌ಲೈನ್‌ನಲ್ಲಿ ಹಾಕುವಾಗ ಜಾಗದ ವಿವರ ತೆಗೆದುಹಾಕಿ. ಪ್ಯಾಫಿಯೊಪೀಡಿಲಂ ವಿಯೆಟ್ನಾಮೆನ್ಸೆ ಎಂಬ ಆರ್ಕಿಡ್ 1999ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಕೆಲವೇ ವರ್ಷಗಳಲ್ಲಿ ಅದರ ಮೂಲ ನೆಲೆಯನ್ನು ಗಿಡಗಳ್ಳರು ಬಹುತೇಕ ಬರಿದು ಮಾಡಿದರು. ದಕ್ಷಿಣ ಆಫ್ರಿಕದಲ್ಲಿ ಕಲ್ಲಿನ ಸಂದಿಯಲ್ಲಿ ಬೆಳೆಯುವ, ಕೊನೊಫೈಟಂ ಎಂಬ ಪುಟ್ಟ ರಸಭರಿತ ಗಿಡಗಳಿಗೂ ಈಗ ಇದೇ ಗತಿ. ಕೊಳ್ಳುವವರು ಇರುವುದರಿಂದಲೇ ಕದಿಯುವವರು ಇದ್ದಾರೆ, ಅಲ್ವಾ? ಮಾರಾಟಕ್ಕಿಟ್ಟ ಗಿಡದ ಎಲೆ ಒರಟಾಗಿ, ಗಾಯಗಳಾಗಿ, ಬೇರು ಕತ್ತರಿಸಿದಂತೆ, ಒಂದೊಂದೂ ಬೇರೆ ಬೇರೆ ಗಾತ್ರದಲ್ಲಿದ್ದರೆ ಅದು ಕಾಡಿನಿಂದ ಕಿತ್ತದ್ದು ಅಂತ ಅನುಮಾನಿಸಿ. ನರ್ಸರಿಯಲ್ಲಿ ಬೆಳೆದವು ನುಣುಪಾಗಿ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರುತ್ತವೆ.

ಬೀಜ ಸಿಗದಿದ್ದರೆ, ಅನುಮತಿ ಇದ್ದರೆ, ಕಡ್ಡಿ ತರಬಹುದು. ಹೂ ಇಲ್ಲದ, ಬೆರಳುದ್ದದ, ಅರ್ಧ ಬಲಿತ ಚಿಗುರು ಕತ್ತರಿಸಿ ಒದ್ದೆ ಕಾಗದದಲ್ಲಿ ಸುತ್ತಿ ಜಿಪ್ ಚೀಲದಲ್ಲಿ ಗಾಳಿ ತುಂಬಿ ಮುಚ್ಚಿ. ಲಂಡನ್ನಿನ ಡಾಕ್ಟರ್ ನಥಾನಿಯಲ್ ವಾರ್ಡ್ 1829ರಲ್ಲಿ ಮುಚ್ಚಿದ ಬಾಟಲಿಯಲ್ಲಿ ಜರೀಗಿಡ ತಾನಾಗಿ ಬೆಳೆದದ್ದನ್ನು ನೋಡಿ ಗಾಜಿನ ಪೆಟ್ಟಿಗೆ ಮಾಡಿದರು. ತಿಂಗಳುಗಟ್ಟಲೆ ಹಡಗಿನಲ್ಲಿ ಗಿಡಗಳು ಬದುಕಿ ಬಂದದ್ದು ಅದರಿಂದಲೇ. ಜಿಪ್ ಚೀಲ ಅದೇ ಕೆಲಸವನ್ನು ಎರಡು ಮೂರು ದಿನದ ಮಟ್ಟಿಗೆ ಮಾಡುತ್ತದೆ. ಬಿಸಿಲಿಗೆ ಇಟ್ಟರೆ ಮಾತ್ರ ಒಳಗೆ ಬೆಂದುಹೋಗುತ್ತದೆ.

ಹಂತ 5: ಟಿಪ್ಪಣಿ

ಟಿಪ್ಪಣಿ ಇಲ್ಲದ ಬೀಜ ವಿಳಾಸವಿಲ್ಲದ ಕಾಗದದ ಹಾಗೆ. ಈ ಇಡೀ ಬರಹದಲ್ಲಿ ಒಂದೇ ಹಂತವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ, ಏಕೆಂದರೆ ಮುಂದೆ ಯಾವ ಮಣ್ಣು ಹಾಕಬೇಕು, ಎಷ್ಟು ನೀರು ಕೊಡಬೇಕು, ಚಳಿ ಬೇಕೋ ಬೇಡವೋ ಅನ್ನುವ ಎಲ್ಲ ಪ್ರಶ್ನೆಗೂ ಉತ್ತರ ಆ ಗಿಡ ನಿಂತಿದ್ದ ಜಾಗದಲ್ಲೇ ಇತ್ತು, ಮನೆಗೆ ಬಂದ ಮೇಲೆ ಅದು ಯಾರಿಗೂ ನೆನಪಿರುವುದಿಲ್ಲ.

ಪ್ರತಿ ಸಂಗ್ರಹಕ್ಕೂ ಒಂದು ಸಂಖ್ಯೆ ಕೊಡಿ. ವಿನ್-ಜೋನ್ಸ್ ದಂಪತಿ ತಮ್ಮ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಬಿಎಸ್‌ಡಬ್ಲ್ಯುಜೆ ಅಂತ ಹಾಕಿ ಮುಂದೆ ಸಂಖ್ಯೆ ಬರೆಯುತ್ತಾರೆ. ಗಿಡದ ಹೆಸರನ್ನು ವಿಜ್ಞಾನಿಗಳು ನಾಳೆ ಬದಲಾಯಿಸಬಹುದು, ಈ ಸಂಖ್ಯೆ ಬದಲಾಗುವುದಿಲ್ಲ. ನಿಮ್ಮದೂ ಹಾಗೇ ಇರಲಿ: ಹೆಸರಿನ ಅಕ್ಷರ, ವರ್ಷ, ಕ್ರಮಸಂಖ್ಯೆ.

ಅದರ ಕೆಳಗೆ ಬರೆಯಬೇಕಾದ್ದು: ದಿನಾಂಕ, ಜಾಗ, ಎತ್ತರ. ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ. ಬೆಳಗಿನ ಬಿಸಿಲೋ, ಸಂಜೆಯದ್ದೋ, ಮರದ ನೆರಳೋ. ಮಣ್ಣು ಮರಳೋ, ಜಂಬಿಟ್ಟಿಗೆಯೋ, ಕೊಳೆತ ಎಲೆಯೋ, ಬರೀ ಕಲ್ಲಿನ ಸಂದಿಯೋ. ಒದ್ದೆ ಇತ್ತಾ, ಒದ್ದೆಯಾದರೆ ನೀರು ನಿಂತಿತ್ತಾ ಹರಿಯುತ್ತಿತ್ತಾ. ಜೊತೆಗೆ ಯಾವ ಗಿಡಗಳಿದ್ದವು. ಈ ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ, ನನ್ನ ಮಟ್ಟಿಗೆ ಅದೇ ಬಹಳ ಕೆಲಸಕ್ಕೆ ಬರುವ ಸಾಲು. ಜೊತೆಗಿದ್ದ ಗಿಡಗಳಲ್ಲಿ ಒಂದನ್ನಾದರೂ ನೀವು ಆಗಲೇ ಬೆಳೆಸಿರುತ್ತೀರಿ, ಅದಕ್ಕೆ ಏನು ಹಿಡಿಸಿತೋ ಇದಕ್ಕೂ ಅದು ಬಹುಪಾಲು ಹಿಡಿಸುತ್ತದೆ.

ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಒಂದು ಮಳೆಗೆ ಹೋಗುತ್ತದೆ.

ಹಂತ 6: ಬಿಡಿಸುವುದು, ಒಣಗಿಸುವುದು, ಅಥವಾ ಒಣಗಿಸದೇ ಇರುವುದು

ಬೀಜದಲ್ಲಿ ಎರಡು ಪಂಗಡ. ಒಣಗಿಸಿದಷ್ಟೂ ಜಾಸ್ತಿ ದಿನ ಬಾಳುವವು ಒಂದು ಕಡೆ, ಒಣಗಿದರೆ ಸತ್ತೇಹೋಗುವವು ಇನ್ನೊಂದು ಕಡೆ. ಮಾವು, ಹಲಸು, ಓಕ್, ಚಹಾ ಗಿಡ ಇವೆಲ್ಲ ಎರಡನೆಯ ಪಂಗಡ. ದಪ್ಪ, ಭಾರ, ತೇವ ಇರುವ, ಮಳೆಕಾಡಿನ ಮರದ ಬೀಜ ಕಂಡರೆ ಇದೇ ಪಂಗಡದ್ದು ಅಂತ ಅಂದುಕೊಂಡು ನಡೆಯಿರಿ. ಒದ್ದೆ ತೆಂಗಿನ ನಾರಿನಲ್ಲೋ ಪಾಚಿಯಲ್ಲೋ ಗಾಳಿ ಆಡುವಂತೆ ಸುತ್ತಿ ತಂದು ಅದೇ ವಾರ ಬಿತ್ತಿ. ಫ್ರಿಜ್‌ನಲ್ಲಿ ಇಡಬೇಡಿ, ಉಷ್ಣವಲಯದವು ಚಳಿಗೂ ಸಾಯುತ್ತವೆ.

ಒಣಗುವ ಬೀಜಕ್ಕೆ ಅವಸರ ಇಲ್ಲ. ಕಾಯಿಗಳನ್ನು ಕಾಗದದ ಮೇಲೆ ನೆರಳಿನಲ್ಲಿ ಹರಡಿ, ಒಣಗಿದ ಮೇಲೆ ಬಿಡಿಸಿ, ಜರಡಿ ಹಿಡಿದು ಹೊಟ್ಟು ಊದಿ. ಹೊಟ್ಟಿನಲ್ಲಿ ಹುಳದ ಮೊಟ್ಟೆ, ಬೂಸ್ಟು ಎರಡೂ ಅಡಗಿರುತ್ತವೆ, ಹಾಗಾಗಿ ಈ ಕೆಲಸಕ್ಕೆ ಸೋಮಾರಿತನ ಬೇಡ. ಹಣ್ಣಿನ ಬೀಜವಾದರೆ ಹಣ್ಣನ್ನು ಹಿಸುಕಿ ನೀರಿನಲ್ಲಿ ಒಂದೆರಡು ದಿನ ನೆನೆಸಿ ತೊಳೆಯಿರಿ. ತಿರುಳಿನಲ್ಲಿ ಮೊಳಕೆ ತಡೆಯುವ ಪದಾರ್ಥಗಳಿರುತ್ತವೆ. ಕೆಸುವಿನ ಸಂಬಂಧಿಗಳಾದ ಅರಿಸೀಮಾದಂಥ ಹಣ್ಣುಗಳಿಗೆ ಕೈಗವಸು ಹಾಕಲೇಬೇಕು, ಅವುಗಳಲ್ಲಿರುವ ಆಕ್ಸಲೇಟ್ ಸೂಜಿಗಳು ಚರ್ಮ ಉರಿಸುತ್ತವೆ.

ಆಮೇಲೆ ಬೀಜದ ತೂಕದಷ್ಟೇ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಇಡಿ, ಬೀಜ ಕಾಗದದ ಲಕೋಟೆಯಲ್ಲೇ ಇರಲಿ. ಅಲ್ಲಿಂದ ಫ್ರಿಜ್‌ಗೆ. ಬೀಜದ ತೇವ ಶೇಕಡಾ 1ರಷ್ಟು ಇಳಿದಂತೆಲ್ಲ, ಅಥವಾ ಉಷ್ಣತೆ 5 ಡಿಗ್ರಿ ಇಳಿದಂತೆಲ್ಲ, ಬಾಳಿಕೆ ಸುಮಾರು ದುಪ್ಪಟ್ಟಾಗುತ್ತದೆ ಅನ್ನುವುದು ಹಳೆಯ ಲೆಕ್ಕ. ಬ್ರಿಟನ್‌ನ ಮಿಲೇನಿಯಂ ಸೀಡ್ ಬ್ಯಾಂಕ್‌ನಲ್ಲಿ ಬೀಜವನ್ನು 15 ಡಿಗ್ರಿಯಲ್ಲಿ ಶೇಕಡಾ 15 ತೇವದ ಗಾಳಿಯಲ್ಲಿ ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. ನಮಗೆ ಡಬ್ಬಿ, ಸಿಲಿಕಾ, ಫ್ರಿಜ್ ಸಾಕು.

ಹಂತ 7: ಮಲಗಿರುವ ಬೀಜ ಎಬ್ಬಿಸಿ

ಬಿತ್ತಿದೆ, ಒಂದು ತಿಂಗಳಾಯಿತು, ಮೊಳಕೆ ಬರಲಿಲ್ಲ, ಎಸೆದೆ. ಕಾಡು ಬೀಜ ಬಿತ್ತಿದ ಎಷ್ಟೋ ಜನರ ಅನುಭವ ಇದು. ತರಕಾರಿ ಬೀಜವನ್ನು ಮನುಷ್ಯ ಸಾವಿರಾರು ವರ್ಷದಿಂದ ಆರಿಸುತ್ತಾ ಬಂದಿದ್ದಾನೆ, ಬಿತ್ತಿದ ವಾರದಲ್ಲಿ ಎಲ್ಲವೂ ಒಟ್ಟಿಗೆ ಏಳುವಂತೆ. ಕಾಡು ಬೀಜಕ್ಕೆ ಒಟ್ಟಿಗೆ ಏಳುವುದೇ ಅಪಾಯ. ಒಂದು ಬರಗಾಲ ಬಂದರೆ ಎಲ್ಲ ಹೋಯಿತು. ಅದಕ್ಕೇ ಅವು ಬೀಗ ಹಾಕಿಕೊಂಡು ಮಲಗಿರುತ್ತವೆ. ಬೀಗ ಯಾವುದು ಅಂತ ಆ ಜಾಗದ ಹವಾಮಾನ ಹೇಳುತ್ತದೆ, ಟಿಪ್ಪಣಿ ತೆರೆಯಿರಿ.

ಹಿಮ ಬೀಳುವ ಜಾಗದ್ದಾದರೆ ಅದಕ್ಕೆ ಚಳಿಗಾಲ ಬೇಕು. ಒದ್ದೆ ಮರಳು ಅಥವಾ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಚೂರು) ಜೊತೆ ಬೀಜ ಬೆರೆಸಿ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿ 4 ಡಿಗ್ರಿ ಆಸುಪಾಸಿನಲ್ಲಿ 6ರಿಂದ 12 ವಾರ ಇಡಿ. ಬೀಜ ಒದ್ದೆ ಇರಬೇಕು. ಒಣ ಬೀಜವನ್ನು ಫ್ರಿಜ್‌ನಲ್ಲಿಟ್ಟರೆ ಅದು ಕೂಡಿಟ್ಟಂತೆ ಆಯಿತೇ ಹೊರತು ಚಳಿಗಾಲ ಕಳೆದಂತೆ ಅಲ್ಲ. ಕೆಲವಕ್ಕೆ ಒಂದು ಚಳಿಗಾಲ ಸಾಲದು. ಟ್ರಿಲಿಯಂ ಎಂಬ ಕಾಡು ಹೂಗಿಡ ಮೊದಲ ಚಳಿಯ ನಂತರ ಬೇರು ಬಿಟ್ಟು, ಎರಡನೆಯ ಚಳಿ ಕಳೆದ ಮೇಲೆ ಎಲೆ ತೋರಿಸುತ್ತದೆ. 1899ರಲ್ಲಿ ವಿಲ್ಸನ್ ಚೀನಾಕ್ಕೆ ಹೋದದ್ದೇ ಕರವಸ್ತ್ರದ ಮರ ಡೇವಿಡಿಯಾ ಹುಡುಕಿಕೊಂಡು, ಅದರ ಬೀಜವೂ ಇದೇ ಜಾತಿಯ ಸೋಮಾರಿ.

ಅವರೆ ಕುಟುಂಬದ ಬೀಜಕ್ಕೆ ಸಿಪ್ಪೆಯೇ ಬೀಗ, ನೀರನ್ನೇ ಒಳಗೆ ಬಿಡುವುದಿಲ್ಲ. ಉಪ್ಪುಕಾಗದದಲ್ಲಿ ಒಂದು ಬದಿ ಉಜ್ಜಿ, ಅಥವಾ ಕುದಿದು ಸ್ವಲ್ಪ ಆರಿದ ನೀರು, ಸುಮಾರು 80 ಡಿಗ್ರಿ, ಸುರಿದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದಿದ್ದಕ್ಕೆ ಇನ್ನೊಮ್ಮೆ ಮಾಡಿ.

ಬೆಂಕಿ ಬೀಳುವ ಸೀಮೆಯ ಬೀಜ ಹೊಗೆ ಕೇಳುತ್ತದೆ. ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಾದ ಎಷ್ಟೋ ಗಿಡಗಳು ಹೀಗೆ. ಹೊಗೆಯಲ್ಲಿರುವ ಕ್ಯಾರಿಕಿನ್ ಎಂಬ ಪದಾರ್ಥ ಬೀಜವನ್ನು ಎಬ್ಬಿಸುತ್ತದೆ ಅಂತ 2004ರಲ್ಲಿ ಕಂಡುಹಿಡಿದರು. ಒಣ ಹುಲ್ಲಿನ ಹೊಗೆ ಹಾಯಿಸಿದ ನೀರನ್ನು ತಿಳಿ ಮಾಡಿಕೊಂಡು ಒಂದು ದಿನ ನೆನೆಸಿದರೆ ಆಯಿತು.

ಏನೂ ತಿಳಿಯದಿದ್ದರೆ ಬೀಜವನ್ನು ಮೂರು ಪಾಲು ಮಾಡಿ. ಒಂದನ್ನು ತಕ್ಷಣ ಬಿತ್ತಿ, ಒಂದಕ್ಕೆ ಚಳಿ ಕೊಡಿ, ಇನ್ನೊಂದನ್ನು ಒಣ ಡಬ್ಬಿಯಲ್ಲಿ ಉಳಿಸಿ. ಎಲ್ಲ ಬೀಜವನ್ನು ಒಂದೇ ಸಲ ಬಿತ್ತುವಷ್ಟು ಧೈರ್ಯ ಯಾರಿಗೂ ಬೇಡ.

ಹಂತ 8: ಬಿತ್ತನೆ

ಗೊಬ್ಬರ ತುಂಬಿದ ಮಣ್ಣು ಬೇಡ. ಅರ್ಧ ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು), ಅರ್ಧ ತೆಂಗಿನ ನಾರಿನ ಪುಡಿ ಅಥವಾ ಎಲೆಗೊಬ್ಬರ. ಕಲ್ಲು ಸಂದಿಯ ಗಿಡಕ್ಕೆ ಮುಕ್ಕಾಲು ಪಾಲು ಕಲ್ಲುಪುಡಿ ಹಾಕಿದರೂ ಸರಿ. ಬೀಜ ಎಷ್ಟು ದಪ್ಪವೋ ಅಷ್ಟೇ ಮುಚ್ಚಿ. ಧೂಳಿನಂಥ ಬೀಜವನ್ನು, ರೋಡೊಡೆಂಡ್ರಾನ್, ಬಿಗೋನಿಯಾ ಇಂಥವನ್ನು, ಮುಚ್ಚಲೇಬೇಡಿ. ಅವಕ್ಕೆ ಬೆಳಕು ಬೇಕು. ನೀರು ಮೇಲಿಂದ ಹಾಕಿದರೆ ಬೀಜ ತೇಲಿಹೋಗುತ್ತದೆ, ಕುಂಡವನ್ನು ತಟ್ಟೆಯ ನೀರಿನಲ್ಲಿಟ್ಟು ಕೆಳಗಿನಿಂದ ಏರಲು ಬಿಡಿ. ಮೇಲೆ ಸಣ್ಣ ಜಲ್ಲಿಯ ಪದರ ಹಾಕಿದರೆ ಪಾಚಿ ಕಟ್ಟುವುದಿಲ್ಲ, ಸಸಿಯ ಕತ್ತು ಕೊಳೆಯುವುದೂ ಕಡಿಮೆಯಾಗುತ್ತದೆ.

ಜರೀಗಿಡದ್ದು ಬೀಜ ಅಲ್ಲ, ಬೀಜಾಣು. ಎಲೆಯಡಿಯ ಚುಕ್ಕೆ ಕಂದು ಬಣ್ಣಕ್ಕೆ ತಿರುಗಿ ಹೊಳೆಯುವಾಗ ಒಂದು ತುಂಡು ಎಲೆಯನ್ನು ಬಿಳಿ ಕಾಗದದೊಳಗೆ ಮಡಚಿಡಿ. ಒಂದೆರಡು ದಿನದಲ್ಲಿ ಪುಡಿ ಉದುರುತ್ತದೆ. ಕುದಿನೀರು ಹಾಯಿಸಿ ತಣಿಸಿದ ಮಣ್ಣಿನ ಮೇಲೆ ಅದನ್ನು ಉದುರಿಸಿ ಗಾಜು ಮುಚ್ಚಿ. ಮೊದಲು ಹಸಿರು ಚಿಪ್ಪಿನಂಥ ಪದರ ಬರುತ್ತದೆ, ಪಾಚಿ ಅಂತ ಎಸೆಯಬೇಡಿ. ಅದರ ಮೇಲೆ ನೀರಿನ ತೆಳು ಪೊರೆ ಇದ್ದರೆ ಮಾತ್ರ ಗರ್ಭಕಟ್ಟಿ ನಿಜವಾದ ಜರೀಗಿಡ ಏಳುತ್ತದೆ, ಹಾಗಾಗಿ ಆಗಾಗ ನೀರು ಚಿಮುಕಿಸಿ.

ಆರ್ಕಿಡ್ ಬೀಜವನ್ನು ಮಾತ್ರ ಕುಂಡದಲ್ಲಿ ಬಿತ್ತಿ ಕಾಯಬೇಡಿ. ಅದರೊಳಗೆ ಆಹಾರವೇ ಇಲ್ಲ, ಕಾಡಿನಲ್ಲಿ ಶಿಲೀಂಧ್ರ ಉಣಿಸಿದರೆ ಮಾತ್ರ ಮೊಳೆಯುತ್ತದೆ. 1922ರಲ್ಲಿ ಅಮೆರಿಕದ ವಿಜ್ಞಾನಿ ಲೂಯಿಸ್ ನಡ್ಸನ್ ಶಿಲೀಂಧ್ರದ ಬದಲು ಸಕ್ಕರೆ ಇರುವ ಅಗರ್ ಎಂಬ ಜೆಲ್ಲಿಯ ಮೇಲೆ ಮೊಳೆಯಿಸಿ ತೋರಿಸಿದ ಮೇಲೆ ಪ್ರಯೋಗಾಲಯದ ದಾರಿ ತೆರೆಯಿತು. ಹೊಸಬರು ಪ್ರಯೋಗಾಲಯದಲ್ಲಿ ಬೆಳೆದ ಸಸಿಯನ್ನೇ ಕೊಳ್ಳುವುದು ವಾಸಿ.

ಲೇಬಲ್ ಕುಂಡದ ಮೇಲೆ ಒಂದು, ಮಣ್ಣಿನೊಳಗೆ ಒಂದು. ಮೇಲಿನದ್ದನ್ನು ಬಿಸಿಲು ಅಳಿಸುತ್ತದೆ, ಇಲ್ಲವೇ ಕಾಗೆ ಎತ್ತಿಕೊಂಡು ಹೋಗುತ್ತದೆ. ಮೊಳೆಯದ ಕುಂಡವನ್ನು ಮೂರು ವರ್ಷ ಎಸೆಯಬೇಡಿ.

ಹಂತ 9: ಬೇರೆ ಇಡಿ, ಆಮೇಲೆ ನೆಲಕ್ಕಿಳಿಸಿ

ಹೊಸ ಸಸಿಗಳನ್ನು ಒಂದು ಬೆಳೆ ಹಂಗಾಮು ಪೂರ್ತಿ ಉಳಿದ ಗಿಡಗಳಿಂದ ದೂರ ಇಡಿ. ಎಲೆ ಚುಕ್ಕೆ, ಬಿಳಿ ಹಿಟ್ಟು ಹುಳ, ಸುರುಟಿದ ಚಿಗುರು ಏನಾದರೂ ಬರುವುದಾದರೆ ಆಗ ಕಾಣಿಸಿಕೊಳ್ಳುತ್ತದೆ. ಕಡ್ಡಿಯಿಂದ ಬಂದವಕ್ಕೆ ಇದು ಇನ್ನೂ ಮುಖ್ಯ, ವೈರಸ್ ಬೀಜದಲ್ಲಿ ದಾಟುವುದಕ್ಕಿಂತ ಕಡ್ಡಿಯಲ್ಲಿ ಜಾಸ್ತಿ ದಾಟುತ್ತದೆ.

ನೆಡುವಾಗ ಒಂದೇ ಜಾಗದಲ್ಲಿ ಎಲ್ಲವನ್ನೂ ನೆಡಬೇಡಿ. ಒಂದು ಬಿಸಿಲಿಗೆ, ಒಂದು ಅರೆ ನೆರಳಿಗೆ, ಒಂದು ಕುಂಡದಲ್ಲಿ. ಕಾಡು ಗಿಡಕ್ಕೆ ಪ್ರೀತಿ ಹೆಚ್ಚಾಗಿ ಗೊಬ್ಬರ ಸುರಿದರೆ ಅದು ಎಲೆ ಬಿಟ್ಟು ಹೂ ಮರೆಯುತ್ತದೆ, ಇಲ್ಲವೇ ಬುಡ ಮೆತ್ತಗಾಗಿ ಬೀಳುತ್ತದೆ. ಪ್ರೋಟಿಯಾ ಕುಟುಂಬದವಂತೂ ರಂಜಕದ ಗೊಬ್ಬರಕ್ಕೆ ಸತ್ತೇಹೋಗಬಹುದು. ಬಡ ಮಣ್ಣಿನಿಂದ ರಂಜಕವನ್ನು ಚೂರುಚೂರೇ ಹೀರುವುದಕ್ಕೆ ಅವುಗಳ ಬೇರು ಹೊಂದಿಕೊಂಡಿದೆ, ಜಾಸ್ತಿ ಸಿಕ್ಕಾಗ ಬೇಡ ಅನ್ನಲು ಅವಕ್ಕೆ ಬರುವುದಿಲ್ಲ.

ಬೇರೆ ನಾಡಿನ ಗಿಡವಾದರೆ ಮೊದಲ ಕೆಲವು ವರ್ಷ ಕಾಯಿ ಬಲಿಯುವ ಮೊದಲೇ ಕತ್ತರಿಸಿ. ಸುತ್ತಮುತ್ತ, ಬೇಲಿಯಾಚೆ, ಚರಂಡಿ ಬದಿಯಲ್ಲಿ ತಾನಾಗಿ ಹುಟ್ಟಿದ ಸಸಿ ಇದೆಯಾ ನೋಡುತ್ತಿರಿ. ಬೇಲಿ ದಾಟಿದ್ದು ಕಂಡರೆ ಎಷ್ಟೇ ಚಂದದ ಹೂವಾದರೂ ತೆಗೆದು ಸುಟ್ಟುಬಿಡಿ. ಗೊಬ್ಬರದ ಗುಂಡಿಗೂ ಹಾಕಬೇಡಿ.

ಹಂತ 10: ಹಂಚಿ

ಗಿಡ ಸೆಟ್ ಆಯಿತು ಅಂದ ಮೇಲೆ ಬೀಜ, ಕಡ್ಡಿ, ಮರಿ ಗಿಡ ಯಾವುದಾದರೂ ರೂಪದಲ್ಲಿ ಕನಿಷ್ಠ ಮೂರು ಮನೆಗೆ ಕೊಡಿ, ಆದಷ್ಟೂ ಬೇರೆ ಬೇರೆ ಹವೆ ಇರುವ ಕಡೆ. ನಿಮ್ಮಲ್ಲಿ ಸತ್ತರೆ ಅಲ್ಲಿಂದ ವಾಪಸ್ ತರಬಹುದು. ಅನುಮತಿ ಪಡೆಯುವಾಗ ಮಾರುವುದಿಲ್ಲ ಅಂತ ಒಪ್ಪಿಕೊಂಡಿದ್ದರೆ ಆ ಮಾತು ಗಿಡದ ಮೊಮ್ಮಕ್ಕಳಿಗೂ ಅನ್ವಯಿಸುತ್ತದೆ, ತೆಗೆದುಕೊಂಡವರಿಗೂ ಅದನ್ನು ಹೇಳಿ. ಜೊತೆಗಿನ ಚೀಟಿಯಲ್ಲಿ ಗಿಡದ ಹೆಸರು, ನಿಮ್ಮ ಸಂಗ್ರಹ ಸಂಖ್ಯೆ, ಬೀಜ ಬಂದ ಜಾಗದ ಎತ್ತರ, ಈ ಮೂರನ್ನು ಬರೆದುಕೊಡಿ. ಮೂಲ ಜಾಗದ ಪೂರ್ತಿ ವಿಳಾಸ ನಿಮ್ಮ ನೋಟ್‌ಬುಕ್‌ನಲ್ಲೇ ಇರಲಿ.